ಸಂಡಾಸದ ಚರಿತ್ರೆ: ತಲೆಯ ಹೊರೆಯಿಂದ ಗಾಳಿಯ ಒತ್ತಡದವರೆಗೆ

ಈ ಶೀರ್ಷಿಕೆಯನ್ನು ನೋಡಿ ಕೆಲವು ಓದುಗರು ಮೂಗು ಮುಚ್ಚಿಕೊಳ್ಳಬಹುದು. ನಲವತ್ತು ವರ್ಷಗಳ ಹಿಂದೆ ನಾನೂ ಹಾಗೆಯೇ ಮಾಡುತ್ತಿದ್ದೆ. ಗದುಗಿನ ಮಾಸ್ತರನಾದವನು ಕುಮಾರವ್ಯಾಸನ ಬಗೆಗೆ ಬರೆಯಬೇಕು, ಲಕ್ಕುಂಡಿಯ ಶಿಲ್ಪದ ಬಗೆಗೆ ಬರೆಯಬೇಕು. ಸಂಡಾಸದ ಬಗೆಗೆ ಬರೆಯುವದು ಶೋಭೆಯೆ ಎಂದು ನೀವು ಕೇಳಿದರೆ ಅದು ತಪ್ಪಲ್ಲ. ಆದರೆ ಇತಿಹಾಸವೆಂದರೆ ಅರಸರ ಇತಿಹಾಸವಷ್ಟೇ ಅಲ್ಲ ಎಂದು ಮೂವತ್ತಾರು ವರ್ಷ ಮಕ್ಕಳಿಗೆ ಬೋಧಿಸಿದವನು ನಾನು. ಆ ಮಾತನ್ನು ಒಮ್ಮೆಯಾದರೂ ಪಾಲಿಸಬೇಕಲ್ಲವೆ?

ಈ ಲೇಖನಕ್ಕೆ ಕಾರಣನಾದವನು ನನ್ನ ಹಳೆಯ ವಿದ್ಯಾರ್ಥಿ. ಈಗ ಅವನು ಗದಗಿನಲ್ಲಿ ಕಟ್ಟಡಗಳ ಗುತ್ತಿಗೆ ಹಿಡಿಯುತ್ತಾನೆ. ನಾನು ಸದಸ್ಯನಾಗಿರುವ ಒಂದು ಸಣ್ಣ ಸಂಸ್ಥೆಯವರು ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರಗಳ ಕಡೆಯಿಂದ ಕಾಲೇಜಿಗೆ ಬರುವ ಅರವತ್ತು ಹುಡುಗಿಯರಿಗಾಗಿ ಮೂರು ಅಂತಸ್ತಿನ ವಸತಿಗೃಹವನ್ನು ಕಟ್ಟಿಸುತ್ತಿದ್ದರು. ಒಂದು ಸಂಜೆ ಈ ಹುಡುಗ (ಹುಡುಗನೇನು, ಅವನಿಗೂ ಐವತ್ತು ದಾಟಿದೆ!) ಬಣ್ಣದ ಚಿತ್ರಗಳಿದ್ದ ಎರಡು ಪುಸ್ತಿಕೆಗಳನ್ನು ಹಿಡಿದುಕೊಂಡು ಮನೆಗೆ ಬಂದ.

“ಸರ, ಇದು ಪ್ರೆಶರಿಂದು. ಒಮ್ಮೆ ಒತ್ತಿದರ ಎಲ್ಲಾ ಸ್ವಚ್ಛ. ನೀರೂ ಕಡಿಮಿ. ಇನ್ನೊಂದು ನಮ್ಮ ಮಾಮೂಲಿ ಟಾಕೀದು. ಯಾವದನ್ನ ಹಾಕಸೂಣು? ಕಮಿಟಿಯವರು ನಿಮ್ಮನ್ನ ಕೇಳು ಅಂದಾರ.”

“ಎಂಜಿನಿಯರ ನೀನು, ಇತಿಹಾಸದ ಮಾಸ್ತರ ನಾನು. ನನ್ನನ್ನ ಏನ ಕೇಳತೀಯೋ?” ಎಂದೆ.

“ಮಶೀನ ನನಗ ಗೊತ್ತೈತ್ರಿ ಸರ. ನಮ್ಮ ಊರಾಗ ಅದು ನಡೀತೈತೋ ಇಲ್ಲೋ ಅನ್ನೂದನ್ನ ನೀವು ಹೇಳ್ರಿ” ಎಂದ.

ಅವನಿಗೆ ಆಗ ಉತ್ತರ ಹೇಳಲಿಲ್ಲ. ಎಂಟು ದಿನ ಸಮಯ ಕೇಳಿದೆ. ಆ ಎಂಟು ದಿನಗಳಲ್ಲಿ ನೆನಪಾದದ್ದು, ಓದಿ ತಿಳಿದದ್ದು, ಲೆಕ್ಕ ಹಾಕಿದ್ದು ಎಲ್ಲವೂ ಇಲ್ಲಿದೆ.

ಮೊದಲು ನೆನಪಾದದ್ದು ಬೆಟಗೇರಿಯಲ್ಲಿದ್ದ ನಮ್ಮ ಹಳೆಯ ಮನೆ. 1950ರ ದಶಕದ ಮಾತು. ನಮ್ಮ ಓಣಿಯಲ್ಲಿ ಸಂಡಾಸವಿದ್ದ ಮನೆಗಳು ನಾಲ್ಕೈದು ಮಾತ್ರ. ಉಳಿದವರೆಲ್ಲರೂ ತಂಬಿಗೆ ಹಿಡಿದುಕೊಂಡು ಬೈಲಕಡೆಗೆ ಹೋಗುವವರು. ಗಂಡಸರಿಗೆ ಹೊತ್ತಿನ ಕಟ್ಟಳೆ ಇರಲಿಲ್ಲ. ಹೆಂಗಸರು ಮಾತ್ರ ಸೂರ್ಯ ಹುಟ್ಟುವ ಮೊದಲು ಇಲ್ಲವೆ ಮುಳುಗಿದ ಮೇಲೆ ಹೋಗಬೇಕು. ನಡುವಿನ ಹನ್ನೆರಡು ತಾಸು ಹೊಟ್ಟೆಯನ್ನು ಕಟ್ಟಿಕೊಂಡೇ ಇರಬೇಕು. ನಮ್ಮ ಮನೆಯಲ್ಲಿ ಸಂಡಾಸವಿದ್ದದ್ದು ಪ್ರತಿಷ್ಠೆಯ ವಿಷಯವಾಗಿತ್ತು. ಹಿತ್ತಲಿನ ಮೂಲೆಯಲ್ಲಿ ಎತ್ತರದ ಕಲ್ಲಿನ ಕಟ್ಟೆ, ಅದರಲ್ಲೊಂದು ಕಿಂಡಿ, ಕಿಂಡಿಯ ಕೆಳಗೆ ತಗಡಿನ ಡಬ್ಬಿ. ಡಬ್ಬಿಯನ್ನು ಹೊರಗೆಳೆಯಲು ಹಿಂದಿನ ಸಂದಿಯ ಕಡೆಗೆ ಒಂದು ಗಿಡ್ಡ ಬಾಗಿಲು.

ಆ ಗಿಡ್ಡ ಬಾಗಿಲಿನಿಂದ ದಿನಾಲು ಮುಂಜಾನೆ ಒಬ್ಬ ಹೆಣ್ಣುಮಗಳು ಡಬ್ಬಿಯನ್ನು ಎಳೆದು, ಬುಟ್ಟಿಯಲ್ಲಿ ಸುರಿದುಕೊಂಡು, ಮೇಲೆ ಬೂದಿ ಉದುರಿಸಿ, ಬುಟ್ಟಿಯನ್ನು ತಲೆಯ ಮೇಲೆ ಹೊತ್ತುಕೊಂಡು ಹೋಗುತ್ತಿದ್ದಳು. ಸಂದಿಯ ತುದಿಯಲ್ಲಿ ಮುನಸಿಪಾಲಟಿಯ ಗಾಡಿ ನಿಂತಿರುತ್ತಿತ್ತು. ಆಕೆ ಬರುವ ಸಪ್ಪಳವಾದರೆ ಸಾಕು, ನಾವು ಹುಡುಗರು ಕೂಗುತ್ತ ಹಿತ್ತಲಬಾಗಿಲು ಹಾಕುತ್ತಿದ್ದೆವು. ಹಬ್ಬದ ಮರುದಿನ ನಮ್ಮ ಅಜ್ಜಿ ಉಳಿದ ಹೋಳಿಗೆಯನ್ನು ಎತ್ತರದಿಂದ ಆಕೆಯ ಸೆರಗಿಗೆ ಬಿಡುತ್ತಿದ್ದಳು, ಸೋಂಕದಂತೆ. ಮಳೆಗಾಲದಲ್ಲಿ ಬುಟ್ಟಿಯಿಂದ ಸೋರಿದ್ದು ಆಕೆಯ ಮುಖದ ಮೇಲೆ ಇಳಿಯುತ್ತಿದ್ದುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆಕೆಯ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ನಾನೂ ಕೇಳಲಿಲ್ಲ.

ಇದು ನಮ್ಮ ಓಣಿಯ ಕತೆ ಮಾತ್ರವಲ್ಲ. ಸ್ವಾತಂತ್ರ್ಯಪೂರ್ವದಲ್ಲಿ ನಮ್ಮ ಈ ನಾಲ್ಕು ಊರುಗಳು ಮೂರು ಸರಕಾರಗಳಲ್ಲಿ ಹಂಚಿಹೋಗಿದ್ದವು. ಗದಗ-ಬೆಟಗೇರಿ ಮತ್ತು ಮುಂಡರಗಿ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದವು. ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿ, ಲಕ್ಷ್ಮೇಶ್ವರ ಮೀರಜ ಸಂಸ್ಥಾನದಲ್ಲಿ. ಮೂರು ದರಬಾರುಗಳ ಕಾಯಿದೆಗಳು ಬೇರೆ ಬೇರೆಯಾಗಿದ್ದರೂ ಹೊಲಸು ಹೊರುವ ತಲೆಗಳು ಮಾತ್ರ ಒಂದೇ ಬಗೆಯ ಜನರವು. ಮುಂಬಯಿ ನಗರದ 1888ರ ಕಾಯಿದೆಯಲ್ಲಿಯಂತೂ ಇದಕ್ಕಾಗಿಯೇ ‘ಹಲಾಲಖೋರ ತೆರಿಗೆ’ ಎನ್ನುವ ಕರ ಇದ್ದಿತು. ಮನೆಯವರು ಕರ ಕೊಡುವದು, ಇನ್ನೊಬ್ಬರು ತಲೆಯ ಮೇಲೆ ಹೊರುವದು. ಆಧುನಿಕ ನಗರಾಡಳಿತವು ಜಾತಿಯ ಕಸುಬನ್ನು ಅಳಿಸಲಿಲ್ಲ, ಅದಕ್ಕೊಂದು ಪಾವತಿ ಪುಸ್ತಕವನ್ನು ಸೇರಿಸಿತು, ಅಷ್ಟೇ.

ವಿಚಿತ್ರವೆಂದರೆ, ನೀರನ್ನು ಕೂಡಿಡುವ ಕಲೆಯಲ್ಲಿ ನಮ್ಮ ಸೀಮೆಯವರು ಹಿಂದುಳಿದವರಲ್ಲ. ‘ನೂರೊಂದು ಗುಡಿ, ನೂರೊಂದು ಬಾವಿ’ ಎಂದು ಲಕ್ಕುಂಡಿಯನ್ನು ಇಂದಿಗೂ ಹೊಗಳುತ್ತೇವೆ. ಡಂಬಳದ ಕೆರೆ ಇದೆ. ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ; ಕೆರೆ ಎನ್ನುವದು ಆ ಹೆಸರಿನಲ್ಲಿಯೇ ಕೂತಿದೆ. ಒಳಗೆ ಬರುವ ನೀರಿಗೆ ಕಲ್ಲಿನಲ್ಲಿ ಕಾವ್ಯ ಕೆತ್ತಿದವರು ನಾವು. ಹೊರಗೆ ಹೋಗುವ ಹೊಲಸಿಗೆ ಮನುಷ್ಯರನ್ನೇ ಕಾಲುವೆ ಮಾಡಿಕೊಂಡೆವು.

ಸ್ವಾತಂತ್ರ್ಯ ಬಂದ ಮೇಲೆ 1949ರಲ್ಲಿ ಮುಂಬಯಿ ಸರಕಾರವು ಬರ್ವೆ ಎನ್ನುವವರ ಅಧ್ಯಕ್ಷತೆಯಲ್ಲಿ ಈ ಕೆಲಸಗಾರರ ಬದುಕನ್ನು ವಿಚಾರಿಸಲು ಒಂದು ಸಮಿತಿಯನ್ನು ನೇಮಿಸಿತು. 1952ರಲ್ಲಿ ವರದಿ ಬಂದಿತು. ಗದಗ ಆಗ ಮುಂಬಯಿ ರಾಜ್ಯದಲ್ಲಿಯೇ ಇತ್ತು. ಅಂದರೆ ಆ ವರದಿ ನಮಗೂ ಸಂಬಂಧಿಸಿದ್ದೇ. ನಮ್ಮ ಹಿತ್ತಲಿನ ಗಿಡ್ಡ ಬಾಗಿಲು ಮಾತ್ರ ಅದಾದ ಮೇಲೂ ಹಲವು ವರ್ಷ ತೆರೆದೇ ಇತ್ತು. 1970ರ ದಶಕದಲ್ಲಿ, ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿಗಳಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧಿಸಿದರು. ಕೇಂದ್ರದ ಕಾಯಿದೆ ಬರಲು 1993ರವರೆಗೆ ಕಾಯಬೇಕಾಯಿತು. ಅದು ಸಾಲದೆಂದು 2013ರಲ್ಲಿ ಇನ್ನೊಂದು ಕಾಯಿದೆ. ಈ ಎರಡು ಕಾಯಿದೆಗಳ ನಡುವೆ, 2010ರ ಜುಲೈ ತಿಂಗಳಿನಲ್ಲಿ, ಲಕ್ಷ್ಮೇಶ್ವರದ ನೆರೆಯ ಸವಣೂರಿನಲ್ಲಿ ಆ ಸಮುದಾಯದ ಕೆಲವರು ತಮ್ಮನ್ನು ಮನೆಗಳಿಂದ ಒಕ್ಕಲೆಬ್ಬಿಸುವದನ್ನು ಪ್ರತಿಭಟಿಸಿ, ಪುರಸಭೆಯ ಎದುರಿಗೆ ತಮ್ಮ ಮೈಮೇಲೆ ತಾವೇ ಮಲವನ್ನು ಸುರಿದುಕೊಂಡರು. ಆ ದಿನದ ಪತ್ರಿಕೆಯನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಅಜ್ಜಿಯ ಹೋಳಿಗೆ.

ಈಗ ಯಂತ್ರದ ಕಡೆಗೆ ಬರೋಣ. ಹೊಲಸನ್ನು ಮನುಷ್ಯ ಹೊರಬಾರದು ಎಂದಾದರೆ ಅದನ್ನು ಮುಂದಕ್ಕೆ ನೂಕುವವರು ಯಾರು? ನೀರು ನೂಕಬೇಕು. ನೀರನ್ನು ನೂಕುವವರು ಯಾರು? ಇದಕ್ಕೆ ಎರಡು ಉತ್ತರಗಳಿವೆ: ಒಂದು ಭೂಮಿಯ ಸೆಳೆತ, ಇನ್ನೊಂದು ಗಾಳಿಯ ಒತ್ತಡ. ನನ್ನ ವಿದ್ಯಾರ್ಥಿ ತಂದ ಎರಡು ಪುಸ್ತಿಕೆಗಳ ವ್ಯತ್ಯಾಸವೆಲ್ಲ ಇಷ್ಟೇ.

ಭೂಮಿಯ ಸೆಳೆತದ ಸಂಡಾಸ ಹಳೆಯದು. 1596ರಲ್ಲಿ ಇಂಗ್ಲಂಡಿನ ಜಾನ್ ಹ್ಯಾರಿಂಗ್ಟನ್ ಎನ್ನುವವನು ನೀರು ಬಿಟ್ಟು ತೊಳೆಯುವ ಸಂಡಾಸದ ವರ್ಣನೆಯನ್ನು ಪ್ರಕಟಿಸಿದ. ಅದು ಜನಬಳಕೆಗೆ ಬರಲಿಲ್ಲ. 1775ರಲ್ಲಿ ಅಲೆಕ್ಸಾಂಡರ್ ಕಮಿಂಗ್ ಎನ್ನುವ ಗಡಿಯಾರದ ಕುಶಲಕರ್ಮಿ ಒಂದು ಸಣ್ಣ ಉಪಾಯ ಮಾಡಿದ: ಬೇಸಿನ್ನಿನ ಕೆಳಗಿನ ಕೊಳವೆಯನ್ನು ಡೊಂಕಾಗಿ ಬಗ್ಗಿಸಿದ. ಆ ಡೊಂಕಿನಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರುತ್ತದೆ. ಆ ನೀರೇ ಬಾಗಿಲಾಗಿ ದುರ್ವಾಸನೆಯನ್ನು ತಡೆಯುತ್ತದೆ. ಇಂದು ನಿಮ್ಮ ಮನೆಯ ಸಂಡಾಸದಲ್ಲಿ ಇರುವದೂ ಇದೇ ಡೊಂಕು. ಮೂರು ವರ್ಷಗಳ ನಂತರ, 1778ರಲ್ಲಿ, ಜೋಸೆಫ್ ಬ್ರಾಮಾ ಎನ್ನುವವನು ಅದನ್ನು ಸುಧಾರಿಸಿದ. ಕೀಲಿಗಳನ್ನು ತಯಾರಿಸುವದರಲ್ಲಿಯೂ ಹೆಸರಾದವನು ಈತ. ವಿಜ್ಞಾನ ಓದಿದವರಿಗೆ ಬ್ರಾಮಾನ ಹೆಸರು ಗೊತ್ತಿರಬೇಕು. 1795ರಲ್ಲಿ ನೀರಿನ ಒತ್ತಡದಿಂದ ನಡೆಯುವ ‘ಹೈಡ್ರಾಲಿಕ್ ಪ್ರೆಸ್’ ಕಂಡುಹಿಡಿದವನೂ ಇವನೇ. ಒತ್ತಡದ ಶಕ್ತಿ ಏನೆಂದು ಜಗತ್ತಿಗೆ ತೋರಿಸಿದ ಮನುಷ್ಯ ಅದನ್ನು ತನ್ನ ಸಂಡಾಸಕ್ಕೆ ಜೋಡಿಸಲಿಲ್ಲ.

ಮನೆಮನೆಗೆ ಫ್ಲಶ್ ಬಂದರೆ ಸಾಲದು, ಮುಂದೆ ಮೋರಿ ಬೇಕು ಎನ್ನುವ ಪಾಠವನ್ನು ಲಂಡನ್ನಿನವರು ಕಷ್ಟಪಟ್ಟು ಕಲಿತರು. ಎಲ್ಲ ಮನೆಗಳ ಹೊಲಸು ಥೇಮ್ಸ್ ನದಿಗೆ ಸೇರಿ, 1858ರ ಬೇಸಿಗೆಯಲ್ಲಿ ಅದರ ನಾತಕ್ಕೆ ಪಾರ್ಲಿಮೆಂಟಿನಲ್ಲಿ ಕೂಡ್ರುವದೂ ಕಷ್ಟವಾಯಿತು. ಆ ಬಳಿಕ ಬಾಜಲ್ಗೆಟ್ ಎನ್ನುವ ಎಂಜಿನಿಯರನು ಅಲ್ಲಿ ದೊಡ್ಡ ನೆಲಮೋರಿಗಳನ್ನು ಕಟ್ಟಿದ. ನಮ್ಮ ಕಡೆಗೆ ಫ್ಲಶ್ ಬಂದಾಗ ಅದು ಗೋಡೆಯ ಎತ್ತರದಲ್ಲಿ ಕೂಡ್ರಿಸಿದ ಬೀಡು ಕಬ್ಬಿಣದ ಟಾಕಿ ಮತ್ತು ಜೋತು ಬಿದ್ದ ಸರಪಳಿಯ ರೂಪದಲ್ಲಿ ಬಂದಿತು. ಸರಪಳಿ ಎಳೆದರೆ ಹತ್ತು, ಹನ್ನೆರಡೂವರೆ ಲೀಟರ ನೀರು ಮೇಲಿನಿಂದ ಧುಮುಕುತ್ತಿತ್ತು. ಎತ್ತರವೇ ಅದರ ಬಲ.

ಈ ಸರಪಳಿಯ ವಿಷಯದಲ್ಲಿ ನನ್ನದೊಂದು ತಪ್ಪೊಪ್ಪಿಗೆ ಇದೆ. ನಾನು ಈ ನಾಲ್ಕು ಊರುಗಳಲ್ಲಿ ಒಂದರ ಹೈಸ್ಕೂಲಿನಲ್ಲಿ ಪ್ರಭಾರಿ ಮುಖ್ಯಾಧ್ಯಾಪಕನಾಗಿದ್ದಾಗ (ಊರಿನ ಹೆಸರು ಬೇಡ) ಹುಡುಗಿಯರಿಗಾಗಿ ಎರಡು ಫ್ಲಶ್ ಸಂಡಾಸಗಳನ್ನು ಕಟ್ಟಲಾಯಿತು. ಉದ್ಘಾಟನೆಯಾಯಿತು, ಫೋಟೋ ತೆಗೆದದ್ದಾಯಿತು. ಆದರೆ ನಳದಲ್ಲಿ ನೀರು ಎಂಟು ದಿನಕ್ಕೊಮ್ಮೆ ಬಂದರೆ ಪುಣ್ಯ. ಅದೂ ನೆಲದ ಹೌದಿಗೆ ಏರುತ್ತಿತ್ತೇ ಹೊರತು ಮೇಲಿನ ಟಾಕಿಗೆ ಏರುತ್ತಿರಲಿಲ್ಲ. ಹದಿನೈದು ದಿನಗಳಲ್ಲಿ ಎರಡೂ ಸಂಡಾಸಗಳು ಕಟ್ಟಿಕೊಂಡು ಕಾಲಿಡದಂತಾದವು. ನಾನು ಒಬ್ಬ ಜವಾನನಿಗೆ ಹೇಳಿ ಕೀಲಿ ಹಾಕಿಸಿ, ಕೀಲಿಕೈಯನ್ನು ನನ್ನ ಮೇಜಿನ ಖಾನೆಯಲ್ಲಿ ಇಟ್ಟುಕೊಂಡೆ. ಸರಕಾರಿ ಆಸ್ತಿ ಹಾಳಾಗಬಾರದಲ್ಲ!

ಆ ವರ್ಷ ಎಂಟನೆಯ ಇಯತ್ತೆಯಲ್ಲಿ ಒಬ್ಬ ಹುಡುಗಿ ಇದ್ದಳು. ಇತಿಹಾಸದ ಪೇಪರಿನಲ್ಲಿ ಅವಳ ಉತ್ತರಗಳನ್ನು ನಾನು ಇತರರಿಗೆ ಓದಿ ತೋರಿಸುತ್ತಿದ್ದೆ. ದಸರೆಯ ಸೂಟಿ ಮುಗಿದ ಮೇಲೆ ಅವಳ ತಂದೆ ಬಂದು ನನ್ನೆದುರು ನಿಂತರು.

“ಹುಡುಗಿ ದೊಡ್ಡಾಕಿ ಆಗ್ಯಾಳ್ರಿ ಸರ. ಮುಂಜಾನಿಂದ ಸಂಜೀತನಕ ಸಾಲ್ಯಾಗ ಹೆಂಗ ಇರಬೇಕ್ರಿ ಆಕಿ? ಹೋಗಾಕ ಜಾಗಾ ಇಲ್ಲಂತ. ಟೀಸಿ ಕೊಟ್ಟಬಿಡ್ರಿ.”

ಸಹಿ ಮಾಡಿದೆ. ಅದೇ ಮೇಜು, ಅದೇ ಖಾನೆ. ಕೀಲಿಕೈ ಒಳಗೇ ಇತ್ತು. ದಿನಾಲು ನಾಲ್ಕು ಕೊಡ ನೀರು ತರಿಸುವ ಏರ್ಪಾಡನ್ನು ನಾನು ಮಾಡಬಹುದಾಗಿತ್ತು ಎನ್ನುವ ವಿಚಾರ ನನಗೆ ಬಂದದ್ದು ಬಹಳ ವರ್ಷಗಳ ನಂತರ.

ಇನ್ನು ಒತ್ತಡದ ಸಂಡಾಸ. ಅದನ್ನು ನಾನು ಮೊದಲು ಕಂಡದ್ದು ಮಗಳ ಮನೆಗೆಂದು ಅಮೆರಿಕಕ್ಕೆ ಹೋದಾಗ, ಅಲ್ಲಿಯ ಒಂದು ಸಾರ್ವಜನಿಕ ಗ್ರಂಥಾಲಯದಲ್ಲಿ. ಹಿಡಿಕೆ ಒತ್ತಿದೊಡನೆ ‘ಢಮ್’ ಎಂದು ಗುಂಡು ಹಾರಿದಂತೆ ಸಪ್ಪಳವಾಯಿತು. ಏನೋ ಮುರಿದೆನೆಂದು ಗಾಬರಿಯಿಂದ ಹೊರಗೆ ಬಂದೆ. “ಏನೂ ಆಗಿಲ್ಲ ಅಪ್ಪಾ, ಅದು ಹಾಗೇ ಸಪ್ಪಳ ಮಾಡತದ” ಎಂದು ಮಗಳು ನಕ್ಕಳು.

ಅದರ ಒಳಗುಟ್ಟು ಸರಳವಾಗಿದೆ. ಹೊರಗಿನ ಪಿಂಗಾಣಿಯ ಟಾಕಿಯ ಒಳಗೆ ಬಿಗಿಯಾಗಿ ಮುಚ್ಚಿದ ಇನ್ನೊಂದು ಪಾತ್ರೆ ಇರುತ್ತದೆ. ನಳದ ನೀರು ತನ್ನ ಒತ್ತಡದಿಂದ ಅದರೊಳಗೆ ನುಗ್ಗುತ್ತದೆ. ಒಳಗಿದ್ದ ಗಾಳಿಗೆ ಹೊರಗೆ ಹೋಗಲು ದಾರಿಯಿಲ್ಲ. ಅದು ಮುದುಡಿಕೊಂಡು ಕೂಡುತ್ತದೆ. ಹಿಡಿಕೆ ಒತ್ತಿದಾಗ ಈ ಮುದುಡಿದ ಗಾಳಿ ಒಮ್ಮೆಲೆ ಹಿಗ್ಗಿ ನೀರನ್ನು ಹೊರಗೆ ನೂಕುತ್ತದೆ. ರಂಗಪಂಚಮಿಯ ದಿನ ತಂಬಿಗೆಯಿಂದ ಬಣ್ಣ ಸುರಿಯುವದಕ್ಕೂ ಪಿಚಕಾರಿಯಿಂದ ಹಾರಿಸುವದಕ್ಕೂ ಇರುವ ಅಂತರ ಇದು. ನೀರು ಅಷ್ಟೇ, ನೂಕುವ ಬಲ ಬೇರೆ.

ಅಮೆರಿಕದಲ್ಲಿ ಇದಕ್ಕೆ ಬೇಡಿಕೆ ಬಂದ ಕಾರಣವೂ ತಿಳಿಯತಕ್ಕದ್ದು. 1992ರಲ್ಲಿ ಅಲ್ಲಿ ಒಂದು ಕಾಯಿದೆಯಾಗಿ, 1994ರಿಂದ ಹೊಸ ಮನೆ-ಸಂಡಾಸಗಳು ಒಂದು ಸಲಕ್ಕೆ ಸುಮಾರು 6 ಲೀಟರಿಗಿಂತ ಹೆಚ್ಚು ನೀರು ಬಳಸಕೂಡದು ಎಂದಾಯಿತು. ಅದಕ್ಕೂ ಮೊದಲಿನವು 13 ಲೀಟರ, ಇನ್ನೂ ಹೆಚ್ಚು ಕುಡಿಯುತ್ತಿದ್ದವು. ಹಳೆಯ ಆಕಾರದ ಬೇಸಿನ್ನಿಗೆ ಅರ್ಧ ನೀರು ಬಿಟ್ಟರೆ ಏನಾಗುತ್ತದೆ? ಕಟ್ಟಿಕೊಳ್ಳುತ್ತದೆ. ಜನ ಎರಡೆರಡು ಸಲ ಹಿಡಿಕೆ ಒತ್ತತೊಡಗಿದರು. ಉಳಿತಾಯವೆಲ್ಲ ನೀರಿನಲ್ಲಿ ಹೋಮವಾಯಿತು. 1980ರ ದಶಕದಲ್ಲಿಯೇ ಪೇಟೆಗೆ ಬಂದಿದ್ದ ಒತ್ತಡದ ಸಂಡಾಸಕ್ಕೆ ಆಗ ಒಳ್ಳೆಯ ಕಾಲ ಬಂದಿತು.

ಅದರ ಗುಣಗಳನ್ನು ಪ್ರಾಮಾಣಿಕವಾಗಿ ಹೇಳಬೇಕು. ಮೊದಲನೆಯದು, ಕಡಿಮೆ ನೀರಿನಲ್ಲಿ ಹೆಚ್ಚು ಬಲ. 4 ಲೀಟರಿಗಿಂತ ಕಡಿಮೆ ನೀರಿನಲ್ಲಿ ಕೆಲಸ ಮಾಡುವವೂ ಇವೆ. ಎರಡನೆಯದು, ಕಟ್ಟಿಕೊಳ್ಳುವದು ಕಡಿಮೆ. ಮೂರನೆಯದು, ದೊಡ್ಡ ಕಟ್ಟಡಗಳಲ್ಲಿ ಸಂಡಾಸದಿಂದ ಮೋರಿಯವರೆಗೆ ಅಡ್ಡಡ್ಡಲಾಗಿ ಉದ್ದ ಕೊಳವೆಗಳಿರುತ್ತವೆ. ಮೊದಲ ನೂಕು ಜೋರಾಗಿದ್ದರೆ ಹೊಲಸು ಅದರಲ್ಲಿ ಹೆಚ್ಚು ದೂರ ಸಾಗುತ್ತದೆ. ನಾಲ್ಕನೆಯದು, ಬೇಸಿನ್ನಿನಲ್ಲಿ ನಿಲ್ಲುವ ನೀರಿನ ಹರವು ದೊಡ್ಡದು. ಆದ್ದರಿಂದ ಕಲೆ ಕಡಿಮೆ, ತಿಕ್ಕುವ ಕೆಲಸ ಕಡಿಮೆ. ಈ ಎರಡನೆಯ ಮತ್ತು ನಾಲ್ಕನೆಯ ಗುಣಗಳು ನನಗೆ ಮುಖ್ಯವಾಗಿ ಕಂಡವು. ಏಕೆಂದರೆ ಕಟ್ಟಿಕೊಂಡ ಕೊಳವೆಯ ತುದಿಯಲ್ಲಿ ನಮ್ಮ ದೇಶದಲ್ಲಿ ಯಾವಾಗಲೂ ಒಬ್ಬ ಮನುಷ್ಯ ನಿಂತಿರುತ್ತಾನೆ. ತಲೆಯ ಮೇಲಿನ ಬುಟ್ಟಿ ಇಳಿದರೂ ಗುಂಡಿಗೆ ಇಳಿಯುವದು ನಿಂತಿಲ್ಲ. ಮೋರಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಮ್ ಕೋರ್ಟು 2014ರಲ್ಲಿ ಹೇಳಿತು. 2023ರಲ್ಲಿ ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು. ಏರಿಸಬೇಕಾಗಿ ಬಂದದ್ದೇ ನಾಚಿಕೆಯ ವಿಷಯ.

ದೋಷಗಳೂ ಇವೆ. ಬೆಲೆ ಹೆಚ್ಚು; ಸಪ್ಪಳ ಹೆಚ್ಚು; ಕೆಟ್ಟರೆ ಬಿಡಿಭಾಗಗಳು ಓಣಿಯ ಅಂಗಡಿಯಲ್ಲಿ ಸಿಗುವದಿಲ್ಲ. ಒತ್ತಡವನ್ನು ಹಿಡಿದಿಡುವ ಪಾತ್ರೆ ಎಂದರೆ ಅದರ ಬೆಸುಗೆ ಗಟ್ಟಿಯಾಗಿರಬೇಕು. 2012ರಲ್ಲಿ ಅಮೆರಿಕದ ಒಂದು ಕಂಪನಿ, ಬೆಸುಗೆ ಬಿಟ್ಟು ಸಿಡಿಯುತ್ತವೆ ಎನ್ನುವ ಕಾರಣಕ್ಕೆ, ಇಪ್ಪತ್ತಮೂರು ಲಕ್ಷದಷ್ಟು ಪಾತ್ರೆಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ಈ ನಡುವೆ ಭೂಮಿಯ ಸೆಳೆತದವರೂ ಸುಮ್ಮನೆ ಕೂಡಲಿಲ್ಲ. 2003ರಿಂದ ಅಲ್ಲಿ ಸೋಯಾ ಅವರೆಯ ಹಿಟ್ಟಿನ ಉಂಡೆಗಳನ್ನು ಬೇಸಿನ್ನಿಗೆ ಹಾಕಿ, ಯಾವ ಸಂಡಾಸ ಎಷ್ಟು ಗ್ರಾಮ ನೂಕುತ್ತದೆ ಎಂದು ಅಳೆಯುವ ಪರೀಕ್ಷೆ ಆರಂಭವಾಯಿತು. ಪರೀಕ್ಷೆಯೆಂದ ಮೇಲೆ ದಡ್ಡ ವಿದ್ಯಾರ್ಥಿಯೂ ಓದುತ್ತಾನೆ! ನೀರು ಇಳಿಯುವ ಬಾಯಿಯನ್ನು ಅಗಲ ಮಾಡಿ, ಒಳಡೊಂಕನ್ನು ನುಣುಪು ಮಾಡಿ, ಸಾದಾ ಟಾಕಿಯ ಸಂಡಾಸಗಳೂ 6 ಲೀಟರಿನಲ್ಲಿಯೇ ಚೆನ್ನಾಗಿ ಉತ್ತೀರ್ಣವಾಗತೊಡಗಿದವು. ಎರಡರ ನಡುವಿನ ಅಂತರ ಈಗ ಮೊದಲಿನಷ್ಟಿಲ್ಲ.

ಆದರೆ ನಮ್ಮ ಊರಿನ ಪ್ರಶ್ನೆ ಬೇರೆಯೇ. ಒತ್ತಡದ ಸಂಡಾಸ ತಾನಾಗಿ ಒತ್ತಡವನ್ನು ಹುಟ್ಟಿಸುವದಿಲ್ಲ. ನಳದಲ್ಲಿದ್ದ ಒತ್ತಡವನ್ನು ಕೂಡಿಟ್ಟುಕೊಳ್ಳುತ್ತದೆ, ಅಷ್ಟೇ. ನಳದಲ್ಲಿಯೇ ಇಲ್ಲದಿದ್ದರೆ? ಅದು ಸರಿಯಾಗಿ ನಡೆಯಲು ಚದರ ಅಂಗುಲಕ್ಕೆ ಸುಮಾರು 25 ಪೌಂಡು ಒತ್ತಡ ಬೇಕೆನ್ನುತ್ತಾರೆ. ನೀರು 10 ಮೀಟರ ಎತ್ತರದಲ್ಲಿದ್ದರೆ ಚದರ ಸೆಂಟಿಮೀಟರಿಗೆ ಒಂದು ಕಿಲೋ ಒತ್ತಡ ಸಿಗುತ್ತದೆ ಎನ್ನುವದು ಹೈಸ್ಕೂಲಿನ ಪಾಠ. ಆ ಲೆಕ್ಕದಂತೆ 25 ಪೌಂಡು ಬೇಕಾದರೆ ಟಾಕಿ ಹದಿನೇಳೂವರೆ ಮೀಟರ ಮೇಲಿರಬೇಕು. ನಮ್ಮ ವಸತಿಗೃಹದ ಮಾಳಿಗೆ 10 ಮೀಟರ. ಟಾಕಿಯ ಕಟ್ಟೆ ಇನ್ನೆರಡು ಮೀಟರ. ಕೆಳಗಿನ ಅಂತಸ್ತಿಗೇ 11 ಮೀಟರ ದೊರೆತರೆ ಹೆಚ್ಚು. ಮೇಲಿನ ಅಂತಸ್ತಿಗೆ ನಾಲ್ಕೈದು ಮೀಟರ ಮಾತ್ರ. ಅಂದರೆ ಪ್ರತ್ಯೇಕ ಪಂಪು ಹಚ್ಚಬೇಕು. ಪಂಪಿಗೆ ಕರೆಂಟು ಬೇಕು. ಕರೆಂಟು ಹೋದರೆ ಪ್ರತಿಯೊಂದು ಪಾತ್ರೆಯಲ್ಲಿ ಉಳಿಯುವದು ಒಂದೇ ಸಲದ ನೂಕು. ಅರವತ್ತು ಹುಡುಗಿಯರು, ಮುಂಜಾನೆಯ ಏಳು ಗಂಟೆ, ಕರೆಂಟಿಲ್ಲ. ನನಗೆ ನನ್ನ ಹಳೆಯ ಕೀಲಿಕೈ ಕಣ್ಣಿಗೆ ಕಟ್ಟಿತು.

ಗದಗ-ಬೆಟಗೇರಿಗೆ ನೀರು ಬರುವದು ಮುಂಡರಗಿ ತಾಲೂಕಿನ ಅಂಚಿನಲ್ಲಿ ಹರಿಯುವ ತುಂಗಭದ್ರೆಯಿಂದ. ಹೊಳೆ ಇದೆ, ಹಮ್ಮಿಗಿಯಲ್ಲಿ ಬ್ಯಾರೇಜೂ ಇದೆ. ಆದರೂ ನಳದ ದಾರಿ ಕಾಯುವದು ನಮ್ಮ ಊರಿನವರಿಗೆ ರೂಢಿಯಾದ ವ್ರತ. ಎಂಟು ದಿನ, ಹದಿನೈದು ದಿನ, ಬೇಸಿಗೆಯಲ್ಲಿ ಇನ್ನೂ ಹೆಚ್ಚು ದಿನ ಕಾಯ್ದದ್ದನ್ನು ನಾವೆಲ್ಲ ಬಲ್ಲೆವು. ನೆರೆಯ ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಲ್ಲಿ 2008ರ ಸುಮಾರಿಗೆ ಹಗಲೂ ರಾತ್ರಿ ನೀರು ಬರತೊಡಗಿದಾಗ ನಮ್ಮವರು ಅದನ್ನು ನೋಡಲೆಂದೇ ಹೋಗಿಬಂದದ್ದುಂಟು.

ಆದ್ದರಿಂದ ನಾನು ನೀರಿನ ಲೆಕ್ಕವನ್ನೇ ಮೊದಲು ಹಾಕಿದೆ. ಅರವತ್ತು ಹುಡುಗಿಯರು, ದಿನಕ್ಕೆ ತಲಾ ಐದು ಸಲ. ಒಟ್ಟು 300 ಸಲ. ಹಳೆಯ 10 ಲೀಟರಿನ ಟಾಕಿಯಾದರೆ ದಿನಕ್ಕೆ 3,000 ಲೀಟರ. 6 ಲೀಟರಿನದಾದರೆ 1,800. ಒತ್ತಡದ 3.8 ಲೀಟರಿನದಾದರೆ 1,140. ಎರಡು ಗುಂಡಿಗಳಿರುವ 3 ಮತ್ತು 6 ಲೀಟರಿನ ಸಾದಾ ಟಾಕಿಯಾದರೆ, ದೊಡ್ಡ ಗುಂಡಿ ಒಂದು ಸಲ, ಸಣ್ಣದು ನಾಲ್ಕು ಸಲ ಎಂದು ಹಿಡಿದರೂ 1,080. ಒತ್ತಡದ್ದೂ ಇದೂ ಬಹುತೇಕ ಸರಿಸಮ! ಇನ್ನು ಕೈಯಿಂದ ನೀರು ಹಾಕುವ ನಮ್ಮ ಕುಕ್ಕರಗಾಲಿನ ಬೇಸಿನ್ನು. 1970ರಲ್ಲಿ ಬಿಂದೇಶ್ವರ ಪಾಠಕರು ಆರಂಭಿಸಿದ ಸುಲಭ ಸಂಸ್ಥೆಯವರು ಹರಡಿದ ಕಡಿದಾದ ಇಳಿಜಾರಿನ ಬೇಸಿನ್ನಿಗೆ ಒಂದೂವರೆ, ಎರಡು ಲೀಟರ ಸಾಕು. ಅಂದರೆ ದಿನಕ್ಕೆ 600 ಲೀಟರ. ಬೇಸಿನ್ನಿನ ಇಳಿಜಾರೇ ಅಲ್ಲಿ ಅರ್ಧ ಕೆಲಸ ಮಾಡುತ್ತದೆ. ಪಂಪಿಲ್ಲ, ಕರೆಂಟಿಲ್ಲ, ಸಿಡಿಯುವ ಪಾತ್ರೆ ಇಲ್ಲ.

ಎಂಟನೆಯ ದಿನ ನನ್ನ ವಿದ್ಯಾರ್ಥಿ ಬಂದಾಗ ಈ ಹಾಳೆಯನ್ನು ಅವನ ಕೈಗಿತ್ತೆ. ಅವನು ಎರಡು ಸಲ ಓದಿದ. “ಸರ, ಪ್ರೆಶರಿಂದು ಕೆಟ್ಟದ್ದಂತೂ ಅಲ್ಲಲ್ರಿ?” ಎಂದ.

ಕೆಟ್ಟದ್ದಲ್ಲ. ಹಗಲಿರುಳು ಒತ್ತಡದ ನೀರಿದ್ದು, ಪಂಪಿಗೆ ಜನರೇಟರು ಇದ್ದು, ಉದ್ದ ಕೊಳವೆಗಳಿರುವ ದೊಡ್ಡ ಆಸ್ಪತ್ರೆ, ದೊಡ್ಡ ಹೋಟೆಲುಗಳಿಗೆ ಅದು ಒಳ್ಳೆಯ ಯಂತ್ರ. ಅಲ್ಲಿ ಅದರಿಂದ ಕೊಳವೆ ಕಟ್ಟುವದು ತಪ್ಪಿ, ಒಬ್ಬ ಮನುಷ್ಯ ಗುಂಡಿಗೆ ಇಳಿಯುವದು ತಪ್ಪುವದಾದರೆ ಅದರ ಬೆಲೆ ಹೆಚ್ಚಾಯಿತೆಂದು ನಾನು ಹೇಳಲಾರೆ. ಆದರೆ ಯಂತ್ರ ನಿಂತ ದಿನ ಆ ಭಾರ ಯಾರ ಮೈಮೇಲೆ ಬೀಳುತ್ತದೆ ಎನ್ನುವದನ್ನು ಕೊಳ್ಳುವ ಮೊದಲೇ ಕೇಳಿಕೊಳ್ಳಬೇಕು. ನಮ್ಮ ಊರುಗಳಲ್ಲಿ ಇಲ್ಲಿಯವರೆಗೆ ಅದು ಬಿದ್ದದ್ದು ಇಬ್ಬರ ಮೇಲೆ: ಸಂದಿಯಲ್ಲಿ ಬುಟ್ಟಿ ಹಿಡಿದು ಬರುವ ಹೆಣ್ಣುಮಗಳ ಮೇಲೆ, ಇಲ್ಲವೆ ಶಾಲೆ ಬಿಡುವ ಹುಡುಗಿಯ ಮೇಲೆ.

ಕಮಿಟಿಯವರು ಒಪ್ಪಿದರು. ಪ್ರತಿ ಅಂತಸ್ತಿನಲ್ಲಿ ಇಳಿಜಾರು ಬೇಸಿನ್ನುಗಳು, ಪಕ್ಕದಲ್ಲಿಯೇ ನಳ ಮತ್ತು ಬಕೀಟು. ನನ್ನಂಥ ಮೊಣಕಾಲುನೋವಿನವರಿಗೆ, ಅಂಗವಿಕಲ ಹುಡುಗಿಯರಿಗೆ ಕೆಳಗಿನ ಅಂತಸ್ತಿನಲ್ಲಿ ಎರಡು ಗುಂಡಿಗಳ ಟಾಕಿಯಿರುವ ಎರಡು ಕಮೋಡುಗಳು. ಸಂಡಾಸಗಳೆಲ್ಲ ಒಂದರ ಮೇಲೊಂದು ಬರುವಂತೆ ಕಟ್ಟಿದ್ದರಿಂದ ಅಡ್ಡ ಕೊಳವೆ ಬಹಳ ಕಡಿಮೆ. ಇದ್ದಷ್ಟಕ್ಕೆ 40ಕ್ಕೆ 1ರಂತೆ ಇಳಿಜಾರು. ನಾನು ಮುದುಕ ನೂಲು ಹಿಡಿಸಿ ನೋಡಿದೆ, ಗೌಂಡಿಗಳು ನಕ್ಕರು. ಮಳೆನೀರಿಗೆಂದು ನೆಲದೊಳಗೆ ಬೇರೆಯೇ ಟಾಕಿ. ನಮ್ಮ ಸೀಮೆಯ ಮಳೆ ವರ್ಷಕ್ಕೆ ಸುಮಾರು 600 ಮಿಲಿಮೀಟರ; 300 ಚದರ ಮೀಟರಿನ ಮಾಳಿಗೆಯಿಂದ, ಹರಿದು ಆರಿ ಹೋಗುವದನ್ನು ಕಳೆದರೂ, ಒಂದು ಲಕ್ಷ ನಲವತ್ತು ಸಾವಿರ ಲೀಟರ ಇಳಿಯುತ್ತದೆ. ಅಷ್ಟನ್ನೂ ಹಿಡಿದಿಡುವ ಟಾಕಿ ನಮ್ಮಿಂದಾಗಲಿಲ್ಲ. ಹಿಡಿದಷ್ಟು ನಮ್ಮದು.

ವಸತಿಗೃಹ ಈಗ ನಡೆಯುತ್ತಿದೆ. ಸಂಡಾಸಗಳಿಗೆ ಒಳಗಿನ ಅಗಳಿ ಇದೆ, ಹೊರಗಿನ ಕೀಲಿ ಇಲ್ಲ. ಸ್ವಚ್ಛತೆಗೆ ಒಬ್ಬರನ್ನು ನೇಮಿಸಿದ್ದೇವೆ. ಅವರಿಗೆ ತಿಂಗಳ ಪಗಾರ, ಕೈಗವಸು, ಉದ್ದ ಹಿಡಿಕೆಯ ಬ್ರಶ್ಶು, ವಾರದ ರಜೆ ಇವೆ. ಕೊಳವೆ ಕಟ್ಟಿದರೆ ಯಂತ್ರ ತರಿಸಬೇಕು, ಯಾರೂ ಗುಂಡಿಗೆ ಇಳಿಯಕೂಡದು ಎಂದು ಕಮಿಟಿಯ ಪುಸ್ತಕದಲ್ಲಿ ಬರೆಸಿದ್ದೇನೆ. ಮೊದಲ ದಿನ ಅವರು ಬಂದಾಗ ಹಾಜರಿ ಪುಸ್ತಕವನ್ನು ನಾನೇ ತೆಗೆದುಕೊಂಡು, “ಏನ್ರಿ ತಾಯಿ ನಿಮ್ಮ ಹೆಸರು?” ಎಂದು ಕೇಳಿ ಬರೆದುಕೊಂಡೆ.